ಬಿಸ್ಕತ್ತು ಎಸೆಯುವಷ್ಟು ದೂರ

ಬ್ಯಾಂಟ್ರಿಗೆ ಹೋದದ್ದು ಸುಮ್ನೆ. ಕ್ರಿಸ್‌ಮಸ್ ಬಂತೆಂದರೆ ಕಾರ್ಕ್ ಊರು ಬಾಗಿಲು ಹಾಕಿಕೊಂಡುಬಿಡುತ್ತದೆ. ಅಂಗಡಿ ಇಲ್ಲ, ಬಸ್ಸಿಲ್ಲ, ಮಾತಾಡಿಸುವವರಿಲ್ಲ. ನಾಲ್ಕು ಗೋಡೆ ನೋಡಿಕೊಂಡು ಎಷ್ಟು ದಿನ ಕೂರೋದು? ರಜೆಯ ಮೂರನೇ ದಿನ ಕಾರು ತೆಗೆದೆ. ಬ್ಯಾಂಡನ್, ಡನ್‌ಮ್ಯಾನ್‌ವೇ ದಾಟಿ ಒಂದೂವರೆ ಗಂಟೆಯ ದಾರಿ. ಐರ್ಲೆಂಡಿನ ನೈಋತ್ಯ ಮೂಲೆ. ಅದರಾಚೆ ಅಟ್ಲಾಂಟಿಕ್, ಆಮೇಲೆ ಅಮೆರಿಕ.

ಊರ ನಡುವಿನ ದೊಡ್ಡ ಚೌಕಕ್ಕೆ ವುಲ್ಫ್ ಟೋನ್ ಎಂಬವನ ಹೆಸರು. ಅವನ ಪ್ರತಿಮೆಯೂ ಅಲ್ಲೇ ಇದೆ. ಅದರ ಕೆಳಗೆ ನಿಂತು ಫ್ಲಾಸ್ಕಿನ ಚಹಾ ಕುಡಿದೆ. ಆಮೇಲೆ ಕೊಲ್ಲಿಯ ಕಡೆ ನಡೆದೆ. ಎದುರಿಗೆ ವಿಡ್ಡಿ ದ್ವೀಪ, ಅದರಾಚೆ ಕಾಹಾ ಬೆಟ್ಟಸಾಲು. ಬೆನ್ನಿಗೆ ಗಾಳಿ ಹೊಡೆಯುತ್ತಿತ್ತು. ಇಲ್ಲಿ ಸಾಮಾನ್ಯವಾಗಿ ಗಾಳಿ ಸಮುದ್ರದಿಂದ ಬಂದು ಮುಖಕ್ಕೆ ಬಡಿಯುತ್ತದೆ. ಅವತ್ತು ಮಾತ್ರ ಮೂಡಣದಿಂದ ಬೀಸುತ್ತಿತ್ತು. ಚಳಿಗಾಳಿ ಕೋಟಿನ ಕಾಲರಿನೊಳಗೆ ಇಳಿಯುತ್ತಿತ್ತು.

ಬ್ರಿಟಿಷರ ವಿರುದ್ಧ ಇಲ್ಲಿಗೆ ದಂಡೆತ್ತಿ ಬಂದ ಫ್ರೆಂಚರು ಇದೇ ಗಾಳಿಯಿಂದ ಸೋತರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ಆಮೇಲೆ ವುಲ್ಫ್ ಟೋನನ ದಿನಚರಿ ಓದಿದೆ. ಈಗ ಅಷ್ಟು ನಂಬಿಕೆ ಉಳಿದಿಲ್ಲ.

ಕತೆ 1796ರದ್ದು. ಫ್ರಾನ್ಸಿನಲ್ಲಿ ರಾಜನ ತಲೆ ತೆಗೆದು ಮೂರು ವರ್ಷ ಕಳೆದಿತ್ತು. ಬ್ರಿಟನ್ ಜೊತೆ ಯುದ್ಧ ನಡೆದೇ ಇತ್ತು. ಇತ್ತ ಐರ್ಲೆಂಡಿನಲ್ಲಿ ಬಹುಪಾಲು ಜನ ಕ್ಯಾಥೊಲಿಕರು, ಅಧಿಕಾರವೆಲ್ಲ ಇಂಗ್ಲೆಂಡಿಗೆ ಅಂಟಿಕೊಂಡ ಸಣ್ಣ ಗುಂಪಿನ ಕೈಯಲ್ಲಿ. ಟೋನ್ ಡಬ್ಲಿನ್ನಿನ ವಕೀಲ, ಸ್ವತಃ ಪ್ರೊಟೆಸ್ಟೆಂಟ್. ಜಾತಿ ಪಂಗಡ ಬಿಟ್ಟು ಎಲ್ಲರೂ ಐರಿಶರಾಗಿ ನಿಲ್ಲಬೇಕು ಎಂದು 1791ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಯುನೈಟೆಡ್ ಐರಿಶ್‌ಮೆನ್ ಸಂಘ ಕಟ್ಟಿದವರಲ್ಲಿ ಒಬ್ಬ. ಸರ್ಕಾರ ಬೆನ್ನು ಹತ್ತಿದಾಗ ಅಮೆರಿಕಕ್ಕೆ ಹೋದ. ಅಲ್ಲಿಂದ 1796ರ ಆರಂಭದಲ್ಲಿ ಪ್ಯಾರಿಸ್ಸಿಗೆ ಬಂದ. ಸುಳ್ಳು ಹೆಸರು, ಅರೆಬರೆ ಫ್ರೆಂಚ್. ಕಚೇರಿಯಿಂದ ಕಚೇರಿಗೆ ಅಲೆದು 'ಹಡಗು ಕೊಡಿ, ಸೈನ್ಯ ಕೊಡಿ' ಎಂದು ದುಂಬಾಲು ಬಿದ್ದ. ನಮ್ಮಲ್ಲಿ ತಾಲ್ಲೂಕು ಕಚೇರಿ ಅಲೆಯುವವರ ಹಾಗೆ. ಅಚ್ಚರಿಯೆಂದರೆ ಅವನಿಗೆ ಕೇಳಿದ್ದು ಸಿಕ್ಕಿತು.

ಸಿಕ್ಕಿದ್ದು ಲಾಜರ್ ಓಶ್ ಎಂಬ ಸೇನಾನಿಯಿಂದ. ವಯಸ್ಸು 28. ಕುದುರೆಲಾಯದ ಕೆಲಸದವನ ಮಗ, ಸಿಪಾಯಿಯಾಗಿ ಸೇರಿ ಜನರಲ್ ಆದವನು. 1795ರಲ್ಲಿ ಬ್ರಿಟಿಷರು ಫ್ರಾನ್ಸಿನ ರಾಜಪಕ್ಷದವರನ್ನು ಹಡಗಿನಲ್ಲಿ ತಂದು ಕೀಬೆರಾನ್ ಎಂಬಲ್ಲಿ ಇಳಿಸಿದ್ದರು. ಅವರನ್ನು ಹೊಸಕಿ ಹಾಕಿದ್ದು ಇದೇ ಓಶ್. ಸಮುದ್ರದಿಂದ ಬಂದಿಳಿಯುವ ಸೈನ್ಯದ ಗತಿ ಏನಾಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ಆದರೂ ಹೊರಟ. ಈ ಸಲ ಮುಯ್ಯಿ ತೀರಿಸುವ ಸರದಿ ತನ್ನದು ಎಂದುಕೊಂಡನೋ ಏನೋ.

ಡಿಸೆಂಬರ್ 16ರ ಸಂಜೆ ಬ್ರೆಸ್ಟ್ ಬಂದರಿನಿಂದ 40ಕ್ಕೂ ಹೆಚ್ಚು ಹಡಗು ಹೊರಟವು. ಸುಮಾರು 15,000 ಸೈನಿಕರು. ಐರಿಶರಿಗೆ ಹಂಚಲು 40,000ಕ್ಕೂ ಹೆಚ್ಚು ಬಂದೂಕು. ಕ್ರಾಂತಿಯ ಗಲಾಟೆಯಲ್ಲಿ ಫ್ರೆಂಚ್ ನೌಕಾಪಡೆಯ ಹಳೆಯ ಅಧಿಕಾರಿಗಳಲ್ಲಿ ಬಹಳಷ್ಟು ಜನ ದೇಶ ಬಿಟ್ಟು ಹೋಗಿದ್ದರು. ಉಳಿದ ಖಲಾಸಿಗಳಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ. ಅಡ್ಮಿರಲ್ ಮೊರಾರ್ ದ ಗಾಲ್‌ಗೆ ಈ ಕೆಲಸವೇ ಬೇಕಿರಲಿಲ್ಲ. ಕಣ್ಣು ಸರಿಯಾಗಿ ಕಾಣಿಸುತ್ತಿಲ್ಲ ಎಂದು ಅವನೇ ಬರೆದುಕೊಂಡಿದ್ದ. ಆದರೂ ಅವನನ್ನೇ ಕಳಿಸಿದರು.

ಇಡೀ ದಂಡಯಾತ್ರೆಯ ಎಡವಟ್ಟು ಬಂದರಿನಲ್ಲೇ ಆಗಿಹೋಗಿತ್ತು ಅಂತ ನನಗೆ ಅನಿಸುತ್ತದೆ. ಜನರಲ್ಲೂ ಅಡ್ಮಿರಲ್ಲೂ ಇಬ್ಬರೂ ಒಂದೇ ಹಡಗು ಹತ್ತಿದರು. ದೊಡ್ಡ ಯುದ್ಧದ ಹಡಗೂ ಅಲ್ಲ ಅದು. ಬೇಗ ಓಡುವ ಸಣ್ಣ ಫ್ರಿಗೇಟು, ಹೆಸರು ಫ್ರಾತೆರ್ನಿತೆ. ನಮ್ಮ ಸಂವಿಧಾನದ ಪೀಠಿಕೆಯಲ್ಲಿ ಭ್ರಾತೃತ್ವ ಅಂತ ಓದುತ್ತೇವಲ್ಲ, ಅದೇ ಪದ. ಯೋಜನೆ, ಹಣ, ತಲೆ ಎಲ್ಲ ಅದರಲ್ಲಿ. ಮಿಕ್ಕವರ ಕೈಯಲ್ಲಿ ಮೊಹರು ಹಾಕಿದ ಲಕೋಟೆ. ದಾರಿ ತಪ್ಪಿದರೆ ಮಾತ್ರ ಒಡೆಯಬೇಕು.

ಮೊದಲ ರಾತ್ರಿಯೇ ದಾರಿ ತಪ್ಪಿತು. ಬ್ರಿಟಿಷರ ಕಾವಲು ತಪ್ಪಿಸಲು ರಾಜ್ ದ ಸೆನ್ ಎಂಬ ಬಂಡೆಗಳ ನಡುವಿನ ಇಕ್ಕಟ್ಟಾದ ದಾರಿ ಹಿಡಿಯುವುದೆಂದು ತೀರ್ಮಾನವಾಗಿತ್ತು. ಕತ್ತಲಾಗುತ್ತಿದ್ದಂತೆ ಅಡ್ಮಿರಲ್ ಮನಸ್ಸು ಬದಲಿಸಿದ, ಬೇರೆ ದಾರಿ ಎಂದು ಸಂಜ್ಞೆ ಕೊಟ್ಟ. ಹೆಚ್ಚಿನ ಹಡಗುಗಳಿಗೆ ಅದು ಕಾಣಲೇ ಇಲ್ಲ. ಅಷ್ಟರಲ್ಲಿ ಎಡ್ವರ್ಡ್ ಪೆಲ್ಯೂ ಎಂಬ ಬ್ರಿಟಿಷ್ ಕಪ್ತಾನ ತನ್ನ ಇಂಡಿಫ್ಯಾಟಿಗಬಲ್ ಹಡಗನ್ನು ಫ್ರೆಂಚರ ನಡುವೆಯೇ ತಂದು ಸುಮ್ಮಸುಮ್ಮನೆ ರಾಕೆಟ್ಟು ಹಾರಿಸತೊಡಗಿದ, ತೋಪು ಹೊಡೆಯತೊಡಗಿದ. ಯಾವುದು ನಮ್ಮ ಸಂಜ್ಞೆ, ಯಾವುದು ಅವನ ಕಿತಾಪತಿ ಎಂದು ಯಾರಿಗೂ ತಿಳಿಯಲಿಲ್ಲ. ನಿಜಕ್ಕೂ ನಗು ಬರುವಂಥ ದೃಶ್ಯ. ಆದರೆ ಆ ಗೊಂದಲದಲ್ಲೇ ಸೆದ್ವಿಜಾಂ ಎಂಬ 74 ತೋಪುಗಳ ಹಡಗು ಬಂಡೆಗೆ ಬಡಿದು ಒಡೆಯಿತು. ನೂರಾರು ಜನ ಸತ್ತರು. ಬೆಳಗಾದಾಗ ಹಡಗುಗಳು ಚೆಲ್ಲಾಪಿಲ್ಲಿ. ಫ್ರಾತೆರ್ನಿತೆ ಎಲ್ಲೂ ಕಾಣಲಿಲ್ಲ.

ಆದರೂ ಡಿಸೆಂಬರ್ 21ರ ಹೊತ್ತಿಗೆ 35 ಹಡಗುಗಳು ಮತ್ತೆ ಒಟ್ಟಾಗಿ ಐರ್ಲೆಂಡಿನ ಕರಾವಳಿಗೆ ಬಂದವು. ಇದೇನು ಕಡಿಮೆಯಾ? ದಾರಿಯಲ್ಲಿ ಬ್ರಿಟಿಷ್ ನೌಕಾಪಡೆ ಅಡ್ಡ ಬರಲೇ ಇಲ್ಲ. ಟೋನ್ ಇದ್ದದ್ದು ಅಂದೋಂತಾಬ್ಲ್ ಎಂಬ ಹಡಗಿನಲ್ಲಿ. ಹಗಲು ಹವೆ ಚೆನ್ನಾಗಿದೆ ಎಂದು ದಿನಚರಿಯಲ್ಲಿ ಬರೆಯುತ್ತಾನೆ. ಬೆಟ್ಟದ ಮೇಲೆ ಅಲ್ಲಲ್ಲಿ ಹಿಮದ ತೇಪೆ ಕಾಣುತ್ತಿದೆ. ಹುಟ್ಟಿದ ನೆಲ ಕಂಡು ಅಳು ಬರಬೇಕಿತ್ತು, ಜಪಾನಿನ ಕರಾವಳಿ ನೋಡಿದ ಹಾಗಿದೆ ಅಂತಾನೆ. ಆ ಸಾಲು ಓದಿ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಎರಡು ವರ್ಷದ ಮೇಲೆ ಊರಿಗೆ ಹೋದಾಗ ವಿಮಾನ ಕೆಳಗಿಳಿಯುತ್ತಿದ್ದರೆ ನನಗೂ ಹಾಗೇ ಆಗಿತ್ತು. ಏನೂ ಅನಿಸಿರಲಿಲ್ಲ. ಮನೆಯಲ್ಲಿ ಹೇಳಿರಲಿಲ್ಲ, ಅಷ್ಟೇ.

ಆ ದಿನ ಅವರು ದಡದ ಎಷ್ಟು ಹತ್ತಿರ ಬಂದಿದ್ದರೆಂದರೆ ಬಿಸ್ಕತ್ತು ಎಸೆದರೆ ನೆಲಕ್ಕೆ ಬೀಳುತ್ತಿತ್ತು. ಮಾತು ಟೋನನದ್ದೇ. ಚಹಾಕ್ಕೆ ಅದ್ದುವ ಬಿಸ್ಕತ್ತಲ್ಲ ಅದು. ಹಡಗಿನವರು ತಿಂಗಳುಗಟ್ಟಲೆ ಇಟ್ಟುಕೊಂಡು ತಿನ್ನುತ್ತಿದ್ದ, ಕಲ್ಲಿನಂಥ ಗಟ್ಟಿ ರೊಟ್ಟಿ. ಎಸೆದರೆ ಒಳ್ಳೆ ದೂರ ಹೋಗುವಂಥದ್ದು.

ಅಷ್ಟು ಹತ್ತಿರ ಬಂದವರು ಏನು ಮಾಡಿದರು ಗೊತ್ತಾ? ಹಡಗು ತಿರುಗಿಸಿ ಮತ್ತೆ ಸಮುದ್ರಕ್ಕೆ ಹೋದರು.

ಯಾಕೆಂದರೆ ಲಕೋಟೆಯಲ್ಲಿ ಹಾಗೆ ಬರೆದಿತ್ತು. ಬೇರೆಯಾದರೆ ಮಿಜನ್ ಹೆಡ್ ಎಂಬ ಭೂಶಿರದ ಹತ್ತಿರ ಐದು ದಿನ ಸುತ್ತಾಡುತ್ತಾ ಕಾಯಿರಿ. ಆಮೇಲೆ ಶ್ಯಾನನ್ ನದಿಯ ಅಳಿವೆಗೆ ಹೋಗಿ ಮೂರು ದಿನ ಕಾಯಿರಿ. ಯಾರೂ ಬರದಿದ್ದರೆ ಬ್ರೆಸ್ಟ್‌ಗೆ ಮರಳಿ. ಎರಡನೇ ಅಡ್ಮಿರಲ್ ಬೂವೆ ಅಕ್ಷರಶಃ ಅದನ್ನೇ ಪಾಲಿಸಲು ನಿಂತ. ಟೋನನಿಗೆ ಪಿತ್ತ ನೆತ್ತಿಗೇರಿತು. ಕಾಗದದಲ್ಲಿ ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸಿ, ಹೇಳಿದ ಹೊತ್ತಿಗೆ ಸರಿಯಾಗಿ ನಾವು ಈ ದಂಡಯಾತ್ರೆಯನ್ನೂ ಫ್ರೆಂಚ್ ನೌಕಾಪಡೆಯನ್ನೂ ಹಾಳು ಮಾಡಲಿದ್ದೇವೆ, ನೋಡಿ ಕಲಿಯುವಂತಿರುತ್ತದೆ ಎಂಬ ಅರ್ಥದ ಮಾತು ಬರೆದಿಟ್ಟ.

ಮೇಲಿನಿಂದ ಆರ್ಡರ್ ಬಂದಿಲ್ಲ. ಈ ಮಾತು ಕೇಳದೆ ಬೆಳೆದ ಕನ್ನಡಿಗ ಯಾರಿದ್ದಾರೆ? ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಶನಿವಾರ ರಾತ್ರಿ ಇಡೀ ಸಿಸ್ಟಮ್ ಹೊಸ ಸರ್ವರ್‌ಗೆ ಸಾಗಿಸಬೇಕಿತ್ತು. ಪಾಸ್‌ವರ್ಡುಗಳೆಲ್ಲ ಒಬ್ಬರೇ ಮ್ಯಾನೇಜರ್ ಹತ್ತಿರ. ಅವರ ವಿಮಾನ ಎಲ್ಲೋ ಮಂಜಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ನಾವು ಹನ್ನೊಂದು ಜನ ಪಿಜ್ಜಾ ತರಿಸಿಕೊಂಡು ಬೆಳಗಿನ ತನಕ ಕಾದೆವು. ಆ ಹನ್ನೊಂದರಲ್ಲಿ ಇಬ್ಬರಿಗೆ ಬೇರೆ ದಾರಿ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು. ಒಬ್ಬ ನಾನೇ. ಬಾಯಿ ಬಿಡಲಿಲ್ಲ. ಹಾಗಾಗಿ ಬೂವೆಯನ್ನು ಬೈಯುವಾಗ ನನ್ನ ದನಿ ಸ್ವಲ್ಪ ತಗ್ಗುತ್ತದೆ.

ಆ ರಾತ್ರಿ ಗಾಳಿ ತಿರುಗಿತು. ಗಟ್ಟಿ ಮೂಡುಗಾಳಿ.

ಇದು ಯಾಕೆ ಅಷ್ಟು ಕೆಟ್ಟದ್ದು ಅಂತ ಭೂಪಟ ನೋಡಿದರೆ ಗೊತ್ತಾಗುತ್ತದೆ. ಬ್ಯಾಂಟ್ರಿ ಕೊಲ್ಲಿ 35 ಕಿಲೋಮೀಟರ್ ಉದ್ದದ ಓಣಿ. ಬಾಯಿ ನೈಋತ್ಯಕ್ಕೆ, ತುದಿ ಈಶಾನ್ಯಕ್ಕೆ. ಈ ಸೀಮೆಯಲ್ಲಿ ವರ್ಷದ ಹೆಚ್ಚಿನ ದಿನ ಗಾಳಿ ನೈಋತ್ಯದಿಂದಲೇ. ಅದೇ ಗಾಳಿ ಇದ್ದಿದ್ದರೆ ಹಡಗುಗಳನ್ನು ತಳ್ಳಿಕೊಂಡು ಹೋಗಿ ಊರ ಬಾಗಿಲಿಗೆ ಬಿಡುತ್ತಿತ್ತು. ಮೂಡುಗಾಳಿ ಮಾತ್ರ ಓಣಿಯ ಒಳಗಿನಿಂದ ಹೊರಕ್ಕೆ ಊದುತ್ತದೆ.

ಊರಿಗೆ ಫೋನ್ ಮಾಡಿದಾಗ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ತದಡಿಯವರು. ವಯಸ್ಸಿನಲ್ಲಿ ಹಾಯಿ ಕಟ್ಟಿದ ಪಾತಿ ದೋಣಿಯಲ್ಲಿ ಮೀನಿಗೆ ಹೋದವರು. ಪೂರ್ತಿ ಹೇಳಲು ಬಿಡಲಿಲ್ಲ. "ಮೂಡುಗಾಳಿ ಇರೂದು ದೋಣಿ ಹೊರಗೆ ಕಳಸೂಕೆ ತಮಾ, ಒಳಗೆ ತರೂಕಲ್ಲ," ಅಂದರು. ನಮ್ಮ ಕರಾವಳಿಯಲ್ಲಿ ಬೆಳಗಿನ ಜಾವ ನೆಲದಿಂದ ಬೀಸುವ ಗಾಳಿಗೆ ಹಾಯಿ ಬಿಚ್ಚಿ ಹೋಗುವುದು, ಮಧ್ಯಾಹ್ನದ ಪಡುಗಾಳಿಗೆ ಮರಳುವುದು. ಓದಿದವರು ಪುಟಗಟ್ಟಲೆ ವಿವರಿಸಿದ್ದನ್ನು ದೊಡ್ಡಪ್ಪ ಒಂದು ಸಾಲಿನಲ್ಲಿ ಮುಗಿಸಿದರು.

ಆಗಿನ ದೊಡ್ಡ ಹಡಗುಗಳ ಹಾಯಿ ಅಡ್ಡ ಕಟ್ಟಿದ್ದು. ಗಾಳಿಗೆ ಎದುರಾಗಿ ನೇರ ಹೋಗಲು ಆಗುವುದೇ ಇಲ್ಲ. ಹಾವಿನ ಹಾಗೆ ಅತ್ತ ಒಂದು ಸಲ, ಇತ್ತ ಒಂದು ಸಲ ಓರೆಯಾಗಿ ಸಾಗಬೇಕು. ಪ್ರತಿ ಸಲ ಹಡಗು ತಿರುಗಿಸುವಾಗ ನೂರಾರು ಜನ ಹಗ್ಗ ಎಳೆಯಬೇಕು. ಕೊಲ್ಲಿಯೊಳಗೆ 35 ಹಡಗು ಒಂದರ ಮುಂದೆ ಒಂದು ಹೀಗೆ ಹಾಯುತ್ತಿದ್ದರೆ ಡಿಕ್ಕಿಯಾಗದೆ ಇರುತ್ತದಾ? ಬೆಳಗ್ಗೆ ಎಂಟರಿಂದ ಗುದ್ದಾಡುತ್ತಿದ್ದೇವೆ, ನೂರು ಗಜವೂ ಮುಂದೆ ಹೋಗಿಲ್ಲ ಎಂದು ಟೋನ್ ಬರೆದ. ಕೊನೆಗೆ 15-16 ಹಡಗು ಹೇಗೋ ಒಳಗೆ ಬಂದು ಬೇರ್ ದ್ವೀಪದ ಹತ್ತಿರ ಲಂಗರು ಹಾಕಿದವು. ಉಳಿದವನ್ನು ಗಾಳಿ ಹೊರಕ್ಕೆ ದೂಡಿತು.

ಒಳಗೆ ಬಂದವುಗಳಲ್ಲಿ ಸುಮಾರು 6,500 ಸೈನಿಕರಿದ್ದರು. ಅವರ ಮುಖ್ಯಸ್ಥ ಗ್ರೂಶಿ. ಹೌದು, 1815ರಲ್ಲಿ ವಾಟರ್‌ಲೂ ಯುದ್ಧದ ದಿನ ನೆಪೋಲಿಯನ್ ಕಾದೂ ಕಾದೂ ಬಾರದೇ ಹೋದ ಅದೇ ಗ್ರೂಶಿ. ಆದರೆ ಬ್ಯಾಂಟ್ರಿಯಲ್ಲಿ ಆತ ಗಟ್ಟಿ ನಿಂತ. 24ರಂದು ಇದ್ದಷ್ಟೇ ಜನ ಕಟ್ಟಿಕೊಂಡು ಇಳಿಯೋಣ ಎಂದು ಒಪ್ಪಿದ. ಕೈಯಲ್ಲಿ ಕಾಸಿಲ್ಲ, ಡೇರೆಯಿಲ್ಲ, ಇರುವ ನಾಲ್ಕು ತೋಪು ಎಳೆಯಲು ಒಂದು ಕುದುರೆಯಿಲ್ಲ, ಜನರಲ್ಲೇ ಕಾಲ್ನಡಿಗೆಯಲ್ಲಿ ಹೋಗಬೇಕು ಎಂದು ಟೋನ್ ಖುಷಿಯಿಂದಲೇ ಪಟ್ಟಿ ಮಾಡುತ್ತಾನೆ. ಇತ್ತ ದಡದಲ್ಲೂ ಹೇಳಿಕೊಳ್ಳುವಂಥ ತಯಾರಿ ಇರಲಿಲ್ಲ. ರಿಚರ್ಡ್ ವೈಟ್ ಎಂಬ ಜಮೀನ್ದಾರ ತನ್ನ ಕಡೆಯವರನ್ನು ಗುಡ್ಡದ ಮೇಲೆ ಕಾವಲಿಟ್ಟು ಕಾರ್ಕ್‌ಗೆ ಸುದ್ದಿ ಮುಟ್ಟಿಸುತ್ತಿದ್ದ, ಅಷ್ಟೇ. ಬ್ರಿಟಿಷರ ದೊಡ್ಡ ನೌಕಾಪಡೆ ಇಂಗ್ಲೆಂಡಿನ ದಕ್ಷಿಣದ ಬಂದರಿನಲ್ಲಿ ತನ್ನದೇ ಹಡಗುಗಳಿಗೆ ಡಿಕ್ಕಿ ಹೊಡೆದುಕೊಂಡು ಕೂತಿತ್ತು. ಅದು ಹೊರಬಿದ್ದದ್ದು ಜನವರಿಯಲ್ಲಿ.

ಆದರೆ ತೀರ್ಮಾನ ಒಂದು ದಿನ ತಡವಾಗಿತ್ತು. 25ರಂದು ಗಾಳಿ ತೂಫಾನಾಯಿತು. ದೋಣಿ ಇಳಿಸುವ ಮಾತೇ ಇಲ್ಲ. ಬೂವೆಯ ಫ್ರಿಗೇಟು ಲಂಗರಿನ ಹಗ್ಗ ಕಡಿದುಕೊಂಡು ಹೊರಟಿತು, ಬೇರೆಯವರೂ ಕಡಿದುಕೊಂಡು ಹೊರಡಿ ಎಂದು ಕೂಗಿ ಹೇಳುತ್ತಾ ಹೋಯಿತು. ಜನವರಿ 1ಕ್ಕೆ ಆತ ಬ್ರೆಸ್ಟ್‌ನಲ್ಲಿದ್ದ. ಅವನನ್ನು ಹುದ್ದೆಯಿಂದ ಕಿತ್ತು ಹಾಕಿದರು. ಆರು ದಿನ ದಡದಿಂದ 500 ಗಜ ದೂರದಲ್ಲಿದ್ದೆವು, ಇಳಿಯಲಾಗಲಿಲ್ಲ, 43 ಹಡಗುಗಳಲ್ಲಿ ಈಗ ಉಳಿದಿರುವುದು 14 ಎಂದು 26ರಂದು ಟೋನ್ ಲೆಕ್ಕ ಬರೆದ. ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದು ಸೋತ ಸ್ಪೇನಿನ ನೌಕಾಪಡೆ ಆರ್ಮಡಾ ಆದಮೇಲೆ ಇಂಗ್ಲೆಂಡ್ ಹೀಗೆ ತಪ್ಪಿಸಿಕೊಂಡದ್ದು ಇದೇ ಮೊದಲು ಅಂದ.

ಫ್ರಾತೆರ್ನಿತೆ ಏನಾಯಿತು? ಬ್ರಿಟಿಷ್ ಹಡಗೊಂದು ಅಟ್ಟಿಸಿಕೊಂಡು ಬಂದು ಅದನ್ನು ಅಟ್ಲಾಂಟಿಕ್‌ನ ನಡುವಿಗೆ ಓಡಿಸಿತ್ತು. ವರ್ಷದ ಕೊನೆಗೆ ಓಶ್ ಕೊಲ್ಲಿಯ ಹತ್ತಿರ ಬಂದ. ಎದುರಾದದ್ದು ಮುಳುಗುವ ಹಡಗಿನ ಜನರನ್ನು ತುಂಬಿಕೊಂಡು ಹೊರಟಿದ್ದ ತನ್ನದೇ ಇನ್ನೊಂದು ಹಡಗು. ಎಲ್ಲ ಹೊರಟುಹೋದರು ಅಂದರು. ಅವನೂ ತಿರುಗಿದ.

1588ರ ಆರ್ಮಡಾದ ಸೋಲಿಗೆ ಡಚ್ಚರು ಪದಕ ಟಂಕಿಸಿದ್ದರು. 'ದೇವರು ಊದಿದ, ಅವರು ಚದುರಿದರು' ಎಂದು ಅದರ ಮೇಲೆ ಬರೆದಿತ್ತು. 1796ಕ್ಕೂ ಜನ ಅದೇ ಮಾತು ಹೊಂದಿಸಿದರು. ಗೆದ್ದವರಿಗೆ ದೇವರ ಗಾಳಿ, ಸೋತವರಿಗೆ ಹಾಳು ಗಾಳಿ. ಇಬ್ಬರಿಗೂ ಅನುಕೂಲವೇ. 21ರ ಹಗಲಿನ ಲೆಕ್ಕ ಯಾರೂ ಕೇಳುವುದಿಲ್ಲ.

ಮರಳುವ ದಾರಿಯಲ್ಲೂ ಸಾವು ನಿಲ್ಲಲಿಲ್ಲ. ಒಂದು ಹಡಗಿನ ಹೆಸರು 'ಮನುಷ್ಯನ ಹಕ್ಕುಗಳು'. 1797ರ ಜನವರಿ 13ರ ರಾತ್ರಿ ಅದೇ ಪೆಲ್ಯೂ ಅದನ್ನು ಬೆನ್ನಟ್ಟಿದ. ಬೆಳಗಾಗುವ ಹೊತ್ತಿಗೆ ಅದು ಫ್ರಾನ್ಸಿನ ಪ್ಲೊಜೆವೆ ಎಂಬ ಹಳ್ಳಿಯ ಮರಳಿಗೆ ಬಡಿದು ಒಡೆಯಿತು. ದಡ ಕಣ್ಣೆದುರಿಗಿತ್ತು. ನೂರಾರು ಜನ ಅದನ್ನು ನೋಡುತ್ತಲೇ ಸತ್ತರು.

ಫೆಬ್ರವರಿಯಲ್ಲಿ 1,400 ಜನರ ಇನ್ನೊಂದು ಫ್ರೆಂಚ್ ತುಕಡಿ ವೇಲ್ಸ್‌ನ ಫಿಶ್‌ಗಾರ್ಡ್‌ನಲ್ಲಿ ಇಳಿದು ಎರಡೇ ದಿನದಲ್ಲಿ ಶರಣಾಯಿತು. ತಮಾಷೆಯಾಗಿ ಮುಗಿದ ದಾಳಿ. ಆದರೆ ಜನ ಹೆದರಿ ನೋಟು ಕೊಟ್ಟು ಚಿನ್ನ ಕೇಳಲು ಬ್ಯಾಂಕುಗಳಿಗೆ ನುಗ್ಗಿದರು. ಬ್ಯಾಂಕ್ ಆಫ್ ಇಂಗ್ಲೆಂಡ್ ಚಿನ್ನ ಕೊಡುವುದನ್ನೇ ನಿಲ್ಲಿಸಿತು. ಪೂರ್ತಿಯಾಗಿ ಮತ್ತೆ ಶುರುವಾದದ್ದು 1821ರಲ್ಲಿ.

ಇಲ್ಲಿಂದ ಮುಂದೆ ನಮಗೆ ಗೊತ್ತಿರುವ ಹೆಸರುಗಳು ಬರುತ್ತವೆ. 1798ರ ಮೇ ತಿಂಗಳಲ್ಲಿ ಐರ್ಲೆಂಡ್ ದಂಗೆಯೆದ್ದಿತು. ಅದೇ ತಿಂಗಳು ಫ್ರೆಂಚರ ದೊಡ್ಡ ನೌಕಾಪಡೆ ಬೋನಾಪಾರ್ಟೆಯನ್ನು ಕೂರಿಸಿಕೊಂಡು ಈಜಿಪ್ಟಿಗೆ ಹೊರಟಿತ್ತು. ಐರಿಶರ ದಂಗೆ ಹತ್ತಿಕ್ಕಿದ ದಿನಗಳಲ್ಲಿ ಡಬ್ಲಿನ್ನಿನ ಗದ್ದುಗೆಯಲ್ಲಿ ಕೂತಿದ್ದವನು ಲಾರ್ಡ್ ಕಾರ್ನ್‌ವಾಲಿಸ್. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದವನು. ಟಿಪ್ಪುವೂ ಫ್ರೆಂಚ್ ಹಡಗುಗಳ ದಾರಿ ನೋಡುತ್ತಿದ್ದ. 1798ರ ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದವರು ನೂರು ಜನವೂ ಇರಲಿಲ್ಲ. ಕೈರೋದಿಂದ ಬೋನಾಪಾರ್ಟೆ ಬರೆದ ಕಾಗದ ಟಿಪ್ಪುವಿನ ಕೈ ಸೇರಲೇ ಇಲ್ಲ, ಬ್ರಿಟಿಷರ ಕೈಗೆ ಸಿಕ್ಕಿತು. ಬ್ಯಾಂಟ್ರಿಯಲ್ಲೂ ಶ್ರೀರಂಗಪಟ್ಟಣದಲ್ಲೂ ಒಂದೇ ಕಡಲಿನ ಕಡೆ ಕಣ್ಣು ನೆಟ್ಟವರಿದ್ದರು ಅಂತ ಶಾಲೆಯಲ್ಲಿ ಯಾರೂ ನಮಗೆ ಹೇಳಿರಲಿಲ್ಲ.

ಓಶ್ 1797ರಲ್ಲೇ ಕ್ಷಯದಿಂದ ತೀರಿಕೊಂಡಿದ್ದ. ವಯಸ್ಸು 29. 1798ರ ಅಕ್ಟೋಬರ್‌ನಲ್ಲಿ ಟೋನ್ ಮತ್ತೊಮ್ಮೆ ಫ್ರೆಂಚ್ ಹಡಗಿನಲ್ಲಿ ಐರ್ಲೆಂಡಿಗೆ ಬಂದ. ಆ ಹಡಗಿನ ಹೆಸರೇ 'ಓಶ್'. ಬ್ರಿಟಿಷರು ಹಿಡಿದರು. ಗಲ್ಲಿಗೆ ಹಾಕುವ ಮುನ್ನ ಸೆರೆಮನೆಯಲ್ಲಿ ಕುತ್ತಿಗೆಗೆ ಆದ ಗಾಯದಿಂದ ಕೆಲವು ದಿನ ನರಳಿ ನವೆಂಬರ್ 19ರಂದು ಸತ್ತ. ಸಿಪಾಯಿಯ ಹಾಗೆ ಗುಂಡಿಟ್ಟು ಕೊಲ್ಲಿ ಎಂದು ಕೇಳಿಕೊಂಡಿದ್ದ. ಒಪ್ಪಿರಲಿಲ್ಲ.

ಆ ಡಿಸೆಂಬರಿನ ಒಂದು ವಸ್ತು ಇವತ್ತಿಗೂ ಇಡಿಯಾಗಿ ಉಳಿದಿದೆ. ರೆಸೊಲ್ಯೂ ಎಂಬ ಫ್ರಿಗೇಟು ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಕೂವೆಮರ ಮುರಿದುಕೊಂಡಿತ್ತು. ಎಳೆದೊಯ್ಯಲು ಯಾರಾದರೂ ಬನ್ನಿ ಎಂದು ಕೇಳಿಬರಲು ಒಂದು ದೋಣಿ ಇಳಿಸಿದರು. ಗಾಳಿ ಅದನ್ನು ಬೇರ್ ದ್ವೀಪಕ್ಕೆ ತಂದು ಹಾಕಿತು. ಕಾವಲಿನವರು ಹಿಡಿದರು. ರಿಚರ್ಡ್ ವೈಟ್‌ನ ಬಂಗಲೆಯಲ್ಲಿ ಬಹಳ ಕಾಲ ಇದ್ದ ಆ ದೋಣಿ ಆಮೇಲೆ ಡಬ್ಲಿನ್ನಿನ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಹೋಯಿತು. ಅದೇ ಅಳತೆಯ ದೋಣಿಗಳನ್ನು ಕಟ್ಟಿ ಬೇರೆ ಬೇರೆ ದೇಶದ ಹುಡುಗ ಹುಡುಗಿಯರು ಈಗ ಪಂದ್ಯ ಆಡುತ್ತಾರೆ.

ಫೆಬ್ರವರಿಯಲ್ಲಿ ಡಬ್ಲಿನ್ನಿಗೆ ಹೋದಾಗ ಅದನ್ನು ನೋಡಿದೆ. 38 ಅಡಿ ಉದ್ದ, ಎರಡೇ ಮೀಟರ್ ಅಗಲ. ಸಪೂರ, ಚೂಪು ಮೂತಿ. ಹಲಗೆಗಳು ಇಷ್ಟು ತೆಳ್ಳಗಿರುತ್ತವೆ ಅಂತ ಅಂದುಕೊಂಡಿರಲಿಲ್ಲ. ಒಂದು ಫೋಟೊ ತೆಗೆದು ದೊಡ್ಡಪ್ಪನಿಗೆ ವಾಟ್ಸಾಪ್ ಮಾಡಿದೆ. ಸ್ವಲ್ಪ ಹೊತ್ತಿಗೆ ಧ್ವನಿ ಸಂದೇಶ ಬಂತು.

"ಹುಟ್ಟು ಎಷ್ಟು ಹಾಕ್ತಿದ್ರು ತಮಾ ಇದಕ್ಕೆ?"

ಹತ್ತು ಅಂತ ಬರೆದೆ.

"ಹತ್ತು ಹುಟ್ಟು ಇಟ್ಕಂಡು ಗಾಳಿಗೆ ಯಂತಕ್ಕೆ ಕಾದ್ರು?"